ಹೆಣ್ಣಿನ ಕಡೆಯ ನಿರ್ದೇಶಕರು

ನಾನು ನಿರ್ದೇಶಕಿಯಾದದ್ದು ಬೇರೆ ಯಾವ ಹೆಂಗಸೂ ಸಿಗದೆ. ಪೊಲೀಸ್ ಇಲಾಖೆಯವರೂ ಊರಿನ ನಾಲ್ಕು ಜನರೂ ಸೇರಿ ಹುಡುಗ ಹುಡುಗಿಯರಿಗೆಂದು ಒಂದು ಯುವಜನ ಸಂಘ ಕಟ್ಟಿದ್ದರು. ಬೆಳಿಗ್ಗೆ ಓಟ, ಸಂಜೆ ವಾಲಿಬಾಲು, ಪೊಲೀಸ್ ಕೆಲಸದ ಪರೀಕ್ಷೆಗೆ ಕೂರುವವರಿಗೆ ಪುಕ್ಕಟೆ ಪಾಠ, ಇಷ್ಟು ಅದರ ಕೆಲಸ. ಆಡಳಿತ ಮಂಡಳಿಯಲ್ಲಿ ಒಬ್ಬ ಮಹಿಳೆ ಇರಲೇಬೇಕು ಅಂತ ಮೇಲಿನವರು ಹೇಳಿದ್ದರಂತೆ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ವರ್ಷಗಟ್ಟಲೆ ಸೀಟಿ ಊದಿ, ರಿಟೈರಾಗಿ, ಸೊಸೆ ಮಾಡಿದ ಅಡಿಗೆಗೆ ಹೆಸರಿಡುತ್ತಾ ಮನೆಯಲ್ಲಿ ಕೂತಿದ್ದೆ. ಸಂಘದ ಅಧ್ಯಕ್ಷರು ಮನೆಗೇ ಬಂದು ಕರೆದರು.

"ನಿಮ್ಗೇನೂ ಕೆಲ್ಸ ಇರಕ್ಕಿಲ್ಲ ಮೇಡಂ. ಸುಮ್ನೆ ಬಂದು ಕುಂತ್ಕಂಡ್ರೆ ಸಾಕು," ಅಂದರು.

ಸುಮ್ಮನೆ ಕೂತುಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಅದು ಅವರಿಗೆ ಗೊತ್ತಾಗುವ ಹೊತ್ತಿಗೆ ನನ್ನ ಹೆಸರನ್ನು ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆಸಿ ಆಗಿತ್ತು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಕಡೆಯಿಂದ ನಿರ್ದೇಶಕರನ್ನು ಆರಿಸಿದ್ದರು. ಸಂಘ ಸೇರಿಕೊಂಡಿದ್ದ ಠಾಣೆ ಯಾವ ಊರಿನದು ಅಂತ ಮಾತ್ರ ನಾನು ಹೇಳುವುದಿಲ್ಲ. ಆಗಿದ್ದ ಇನ್‌ಸ್ಪೆಕ್ಟರು ಇನ್ನೂ ಸರ್ವೀಸಿನಲ್ಲಿದ್ದಾರೆ, ಒಳ್ಳೆಯ ಮನುಷ್ಯ, ಇಲ್ಲದ ತಲೆನೋವು ಅವರಿಗೆ ಯಾಕೆ. ನಿರ್ದೇಶಕರೂ ಒಳ್ಳೆಯವರೇ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಓದಿದರೆ ನಿಮಗೆ ಹಾಗನ್ನಿಸದೆ ಹೋಗಬಹುದು.

ಅಧ್ಯಕ್ಷರು ಹೊಳೆನರಸೀಪುರದ ಕಡೆಯವರು, ರೈಸ್ ಮಿಲ್ಲಿನ ಮಾಲೀಕರು. ಎಲ್ಲರೂ ಸಾವುಕಾರ್ರೇ ಅಂತ ಕರೆಯುತ್ತಿದ್ದರು. ಯಾರಿಗೆ ಕಷ್ಟ ಅಂದರೂ ಎದ್ದು ಹೊರಡುವವರು, ಎಲ್ಲಿಗೆ ಹೊರಟಿದ್ದೇನೆ ಅಂತ ದಾರಿಯಲ್ಲಿ ಯೋಚಿಸುವವರು. ಚನ್ನರಾಯಪಟ್ಟಣದ ನಿರ್ದೇಶಕರು ವಕೀಲರು. "ಕಾನೂನು ಪ್ರಕಾರ" ಅನ್ನದೆ ಒಂದು ಲೋಟ ಕಾಫಿಯನ್ನೂ ಕೇಳುತ್ತಿರಲಿಲ್ಲ. ಅರಕಲಗೂಡಿನವರದು ಸಿಮೆಂಟ್ ಅಂಗಡಿ, ಕೊನೆಗೆ ಮಾತಾಡಿದವರು ಯಾರೋ ಅವರ ಮಾತೇ ಸರಿ ಎನ್ನುವುದು ಅವರ ಪದ್ಧತಿ. ಹಾಸನದವರು ಮೊಸಳೆ ಅನ್ನುವ ಊರಿನ ಕಡೆಯ ಜಮೀನುದಾರರು, ಫೋಟೋ ತೆಗೆಯುವ ದಿನ ತಪ್ಪದೆ ಬರುತ್ತಿದ್ದರು. ಗೌರವಾಧ್ಯಕ್ಷರು ಯಾವಾಗಲೂ ಠಾಣೆಯ ಇನ್‌ಸ್ಪೆಕ್ಟರೇ. ಅವರಿಗೆ ವರ್ಗ ಆದಾಗೆಲ್ಲ ನಾವು ಒಬ್ಬರಿಗೆ ಬೀಳ್ಕೊಡುಗೆ, ಇನ್ನೊಬ್ಬರಿಗೆ ಸ್ವಾಗತ ಮಾಡಬೇಕು. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಎಷ್ಟೋ ತಿಂಗಳು ಸಂಘದಲ್ಲಿ ನಡೆದ ಕೆಲಸ ಅಂದರೆ ಅದೊಂದೇ. ಹಾಗಾಗಿ ಸಂಘದ ಬೀರುವಿನಲ್ಲಿ ಒಂದೆರಡು ಶಾಲು ಸದಾ ಸಿದ್ಧವಾಗಿ ಇರುತ್ತಿದ್ದವು.

ಪಾಠವೂ ಮೀಟಿಂಗೂ ನಡೆಯುತ್ತಿದ್ದದ್ದು ಠಾಣೆಯ ಮಹಡಿಯ ಮೇಲಿನ ಹಾಲಿನಲ್ಲಿ. ಮಹಡಿ ಮೆಟ್ಟಿಲಿಗೆ ಹೋಗಬೇಕಾದರೆ ಠಾಣೆಯ ಮುಂಬಾಗಿಲಲ್ಲೇ ಒಳಗೆ ಹೋಗಬೇಕು. ಜಾಗ ಗೊತ್ತು ಮಾಡುವಾಗಲೇ ನಾನು ಅಂದೆ, ನಮ್ಮ ಕಡೆ ಠಾಣೆ ಮೆಟ್ಟಿಲು ಹತ್ತಿದಳು ಅಂದರೆ ಜನ ಬೇರೆ ಅರ್ಥವನ್ನೇ ಮಾಡುತ್ತಾರೆ, ಹುಡುಗರ ವಿಷಯ ಹೇಗೋ ಆಗುತ್ತೆ, ಹುಡುಗಿಯರಿಗೆ ಬೇಡ, ನಮ್ಮ ಹೈಸ್ಕೂಲಿನಲ್ಲಿ ಒಂದು ಕೋಣೆ ಕೇಳೋಣ ಅಂತ.

"ಕಾನೂನು ಪ್ರಕಾರ ಠಾಣೆ ಅನ್ನೋದು ಸಾರ್ವಜನಿಕ ಸ್ಥಳ ಮೇಡಂ," ಅಂದರು ವಕೀಲರು.

"ಕೆಳುಗಡೆ ಪೊಲೀಸ್ನೋರೇ ಅವ್ರೆ. ಇದುಕ್ಕಿಂತ ಸೇಫ್ ಜಾಗ ಹೆಣ್ಮಕ್ಳಿಗೆ ಎಲ್ ಸಿಗುತ್ತೆ?" ಅಂದರು ಅಧ್ಯಕ್ಷರು.

ಸಿಮೆಂಟ್ ಅಂಗಡಿಯವರು ಅಧ್ಯಕ್ಷರ ಮಾತೇ ಸರಿ ಅಂದರು. ಅಲ್ಲಿಗೆ ಮುಗಿಯಿತು.

ಪಾಠಕ್ಕೆ ಬರುತ್ತಿದ್ದವರಲ್ಲಿ ಹಳೇಕೋಟೆ ಕಡೆಯ ಹಳ್ಳಿಯ ಒಬ್ಬ ಹುಡುಗಿ ಇದ್ದಳು. ಡಿಗ್ರಿ ಮುಗಿಸಿದ್ದಳು. ಬೆಳಗಾಗುತ್ತಲೇ ಎದ್ದು, ಕೊಟ್ಟಿಗೆ ಬಾಚಿ, ಡೈರಿಗೆ ಹಾಲು ಹಾಕಿ, ಮೊದಲನೇ ಬಸ್ಸಿಗೆ ಬಂದು ಮೈದಾನದಲ್ಲಿ ಓಡಿ, ಆಮೇಲೆ ಪಾಠಕ್ಕೆ ಕೂರುತ್ತಿದ್ದಳು. ಮೈದಾನದಲ್ಲಿ ಓಡಿಸುತ್ತಿದ್ದವಳು ನಾನೇ. ನಾನು ಕಂಡ ಹುಡುಗಿಯರಲ್ಲಿ ಅಷ್ಟು ಹಗುರಾಗಿ ಓಡುವವಳು ಇನ್ನೊಬ್ಬಳಿಲ್ಲ. ಗುಂಡು ಎಸೆಯುವುದರಲ್ಲಿ ಮಾತ್ರ ಸ್ವಲ್ಪ ಹಿಂದೆ. ಮನೆಯ ರುಬ್ಬೋ ಕಲ್ಲಿನ ಗುಂಡನ್ನು ಹಿತ್ತಲಿಗೆ ಹೊತ್ತುಕೊಂಡು ಹೋಗಿ ಎಸೆದು ಅಭ್ಯಾಸ ಮಾಡಿ, ಅವ್ವನ ಹತ್ತಿರ ಬೈಸಿಕೊಂಡಿದ್ದಳಂತೆ. ಬರೆಯುವ ಪರೀಕ್ಷೆ ಪಾಸಾಗಿತ್ತು. ಇನ್ನು ಉಳಿದಿದ್ದು ಎಲ್ಲರೂ ಫಿಸಿಕಲ್ ಅನ್ನುತ್ತಾರಲ್ಲ, ಆ ಮೈದಾನದ ಪರೀಕ್ಷೆ. ಓಟ, ಉದ್ದ ಜಿಗಿತ, ಗುಂಡು ಎಸೆತ. ಇವಳು ಅದರಲ್ಲಿ ಗೆದ್ದೇ ಗೆಲ್ಲುತ್ತಾಳೆ ಅಂತ ನಾನು ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗುತ್ತಿದ್ದೆ.

ಅಷ್ಟರಲ್ಲಿ ಅವಳಿಗೆ ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಿಂದ ಸಂಬಂಧ ಬಂತು. ಹುಡುಗ ಹಾಸನದಲ್ಲಿ ಒಂದು ಕಾರ್ಖಾನೆಯಲ್ಲಿದ್ದ. ತೆಂಗಿನ ತೋಟ, ಒಂದಿಷ್ಟು ಗದ್ದೆ. ಅವಳ ಅಪ್ಪ ಒಪ್ಪಿದ್ದ. ಪರೀಕ್ಷೆ ಮುಗಿದ ಮೇಲೆ ಮದುವೆ ಅಂತ ಎರಡೂ ಕಡೆ ಬಾಯಿಮಾತಾಗಿತ್ತು. ಆ ಹುಡುಗನ ಕಡೆಯವರು ಯಾರೋ ನಮ್ಮೂರಿಗೆ ಬಂದಾಗ, ಮೈದಾನದಿಂದ ಬರುತ್ತಿದ್ದ ಇವಳು ಸೀದಾ ಪೊಲೀಸ್ ಠಾಣೆಯೊಳಕ್ಕೆ ಹೋದದ್ದನ್ನು ನೋಡಿದರು. ಎದುರಿಗೆ ಟೀ ಅಂಗಡಿಯಲ್ಲಿ ವಿಚಾರಿಸಿದರು.

"ಆ ಉಡುಗಿನಾ? ದಿನಾ ಬತ್ತಾಳೆ ಕಣಣ್ಣ," ಅಂದನಂತೆ ಟೀ ಅಂಗಡಿಯವನು. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಅಷ್ಟು ಸಾಕಾಯಿತು. ಹುಡುಗನಿಗೆ ಈ ವರ್ಷ ಗುರುಬಲ ಇಲ್ಲವಂತೆ ಅಂತ ಅವರ ಕಡೆಯಿಂದ ಮಾತು ಬಂತು. ನಮ್ಮ ಕಡೆ ಸಂಬಂಧ ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಗ್ರಹಗಳ ಮೇಲೆ ಹಾಕುತ್ತಾರೆ. ಆದರೆ ಗುರುಬಲದ ಮಾತು ಬರುವ ಮೊದಲೇ ಹುಡುಗಿಯ ಊರಿಗೆ ಸುದ್ದಿ ಬಂದಿತ್ತು. ಡೈರಿಯ ಹತ್ತಿರ ಯಾರೋ ಅವಳ ಅಪ್ಪನನ್ನು, "ಏನ್ಲಾ, ನಿನ್ ಮಗಳು ದಿನಾ ಸ್ಟೇಸನ್‌ಗೆ ಓಯ್ತಾಳಂತೆ, ಏನ್ ಕೇಸು?" ಅಂತ ಎಲ್ಲರೆದುರಿಗೂ ಕೇಳಿದರಂತೆ. ಆ ಮನುಷ್ಯ ಮನೆಗೆ ಬಂದು ಮಗಳ ಓಟದ ಶೂಗಳನ್ನು ಅಟ್ಟಕ್ಕೆ ಎಸೆದ.

ಅವಳು ನನಗೆ ಫೋನ್ ಮಾಡಿ, "ಮೇಡಂ, ನಾಳೆಯಿಂದ ಬರಕ್ಕಾಗಕ್ಕಿಲ್ಲ," ಅಂದಳು. ಅಷ್ಟೇ. ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನವಾದರೂ ಮಾಡುತ್ತಿದ್ದೆ. ಸುಮ್ಮನೆ ಫೋನಿಟ್ಟಳು.

ಮೀಟಿಂಗು ಕರೆಸಿ ವಿಷಯ ಇಟ್ಟೆ. ನಾನು ಹೇಳಿದ್ದು ಎರಡೇ. ಪಾಠವನ್ನು ಇವತ್ತೇ ಠಾಣೆಯಿಂದ ತೆಗೆದು ಸ್ಕೂಲಿಗೆ ಹಾಕಿ. ಆಮೇಲೆ ಒಬ್ಬಿಬ್ಬರು ನನ್ನ ಜೊತೆ ಹುಡುಗಿಯ ಮನೆಗೆ ಬನ್ನಿ, ಅಪ್ಪನ ಹತ್ತಿರ ಮಾತಾಡೋಣ, ಅವಳು ಪರೀಕ್ಷೆಗೆ ಹೋಗಲಿ. ಮೊದಲನೆಯದಕ್ಕೆ ಎಲ್ಲರೂ ಒಪ್ಪಿದರು. ಎರಡನೆಯದಕ್ಕೆ ಅಧ್ಯಕ್ಷರು ಅಡ್ಡಡ್ಡ ತಲೆಯಾಡಿಸಿದರು.

"ಅಪ್ಪನ ಹತ್ರ ಮಾತಾಡಿ ಏನ್ ಪ್ರಯೋಜ್ನ ಮೇಡಂ? ಅಪವಾದ ಹುಟ್ಟಿರೋದು ಗಂಡಿನ ಮನೇಲಿ. ಅದುನ್ನ ಅಲ್ಲೇ ಓಗಿ ಕಿತ್ತಾಕ್ಬೇಕು. ಸಂಬಂಧ ಸರಿಹೋಯ್ತು ಅಂದ್ರೆ ಅಪ್ಪ ತಾನಾಗೇ ಕಳ್ಸ್ತಾನೆ. ಇದು ನಮ್ ಸಂಘದ ಮಾನದ ಪ್ರಶ್ನೆ."

ಮಾನ ಅಂದ ತಕ್ಷಣ ಎಲ್ಲರೂ ನೆಟ್ಟಗೆ ಕೂತರು. ನಿಯೋಗ ಹೋಗುವುದು ಅಂತಾಯಿತು. ನಿಯೋಗ ಅನ್ನುವ ಶಬ್ದ ಬಂದರೆ ನಮ್ಮ ನಿರ್ದೇಶಕರ ಮುಖಕ್ಕೆ ಒಂದು ಕಳೆ ಬರುತ್ತಿತ್ತು. ಆದರೆ ಹೋಗುವುದು ಹೇಗೆ? ಅಧ್ಯಕ್ಷರ ಕಾರು ಗ್ಯಾರೇಜಿನಲ್ಲಿತ್ತು. ವಕೀಲರದು ಸಣ್ಣ ಕಾರು, ಇಷ್ಟು ಜನ ಹಿಡಿಸುವುದಿಲ್ಲ. ಆಗ ಅಲ್ಲೇ ಕೂತಿದ್ದ ಇನ್‌ಸ್ಪೆಕ್ಟರು ಉದಾರವಾಗಿ ಒಂದು ಮಾತು ಹೇಳಿದರು.

"ನಮ್ಮ ಜೀಪ್ ತಗೊಂಡ್ ಹೋಗಿ. ಡ್ರೈವರ್ ಕಳಿಸ್ತೀನಿ. ಒಳ್ಳೇ ಕೆಲಸ ಅಲ್ವಾ."

ನಾನು ಕೂತಲ್ಲಿಂದ ಎದ್ದೇಬಿಟ್ಟೆ. "ಆ ಹುಡುಗಿಗೂ ಪೊಲೀಸ್ ಕೇಸಿಗೂ ಸಂಬಂಧ ಇಲ್ಲ ಅಂತ ಹೇಳೋದಕ್ಕೆ ಪೊಲೀಸ್ ಜೀಪಲ್ಲಿ ಹೋಗ್ತೀರಾ? ನಿಮಗೇನಾದ್ರೂ ಬುದ್ಧಿ ನೆಟ್ಟಗಿದ್ಯಾ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಮಾತು ತಲೆಗೆ ಹೋಯಿತು ಅಂದುಕೊಂಡೆ.

"ಜೀಪಲ್ಲಿ ಹೋದ್ರೆ ಒಂದು ತೂಕ ಇರ್ತದೆ ಮೇಡಂ," ಅಂದರು ವಕೀಲರು.

"ತೂಕ ಇರ್ತದೆ," ಅಂದರು ಸಿಮೆಂಟ್ ಅಂಗಡಿಯವರು.

ಹಾಗಾದರೆ ನೀವು ತೂಕವಾಗಿ ಬನ್ನಿ, ನಾನು ಬಸ್ಸಿಗೆ ಬರುತ್ತೇನೆ ಅಂದೆ. ಹೋಗದೆ ಇರುವುದಕ್ಕೆ ಮನಸ್ಸಾಗಲಿಲ್ಲ. ಇವರನ್ನು ಇವರ ಪಾಡಿಗೆ ಬಿಟ್ಟರೆ ಹುಡುಗಿಯ ಮಾತು ಆಡುವವರು ಅಲ್ಲಿ ಯಾರೂ ಇರುವುದಿಲ್ಲ.

ಭಾನುವಾರ ಚನ್ನರಾಯಪಟ್ಟಣಕ್ಕೆ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಆ ಹಳ್ಳಿಗೆ ಹೋದೆ. ಗಂಡಿನ ಮನೆ ಯಾವುದು ಅಂತ ಯಾರನ್ನೂ ಕೇಳಬೇಕಾಗಲಿಲ್ಲ. ಜೀಪು ನಿಂತಿತ್ತು. ಜೀಪಿನ ಸುತ್ತ ಅರ್ಧ ಊರು ನಿಂತಿತ್ತು. ಜಗಲಿಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ನನ್ನ ಸೆರಗು ಹಿಡಿದು ಪಿಸುಮಾತಿನಲ್ಲಿ ಕೇಳಿತು.

"ಯಾರ್ನ ಇಡ್ಕಂಡೋಯ್ತಾರಂತೆ ಕಣವ್ವ?"

"ಯಾರನ್ನೂ ಇಲ್ಲ ಅಜ್ಜಿ. ಮದುವೆ ಮಾತಿಗೆ ಬಂದಿರೋದು."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಅಂತ ಸೆರಗು ಬಿಟ್ಟಿತು.

ಅಂಗಳದಲ್ಲಿ ನಮ್ಮ ನಾಲ್ಕೂ ನಿರ್ದೇಶಕರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದರು. ಹಾಸನದವರೂ ಬಂದಿದ್ದರು, ಫೋಟೋ ಇರಬಹುದು ಅಂತ. ಅಧ್ಯಕ್ಷರ ತೊಡೆಯ ಮೇಲೆ ಹಣ್ಣಿನ ಬುಟ್ಟಿ, ಅದರ ಮೇಲೆ ಮಡಿಸಿದ ಶಾಲು. ಮನೆಯ ಯಜಮಾನನೇ ಇರಲಿಲ್ಲ. ಊರಲ್ಲಿಲ್ಲ ಅಂತ ಅವನ ಹೆಂಡತಿ ಬಾಗಿಲ ಹಿಂದಿನಿಂದ ಹೇಳುತ್ತಿದ್ದಳು. ಆ ಮನುಷ್ಯನಿಗೂ ಅವನ ತಮ್ಮನಿಗೂ ತೋಟದ ಬದುವಿನ ವಿಷಯಕ್ಕೆ ಜಗಳವಾಗಿ, ತಮ್ಮ ದೂರು ಕೊಡುತ್ತೇನೆ ಅಂತ ಹೆದರಿಸಿದ್ದನಂತೆ. ಜೀಪು ಊರ ಬಾಗಿಲಿಗೆ ಬರುತ್ತಲೇ ಇವನು ಹಿತ್ತಲಿಂದ ತೋಟ ಸೇರಿಬಿಟ್ಟಿದ್ದ. ಇದೆಲ್ಲ ಅಡಿಗೆಮನೆಗೆ ಹೋಗಿ ಆ ಹೆಂಗಸಿನ ಕೈ ಹಿಡಿದುಕೊಂಡು ಕೂತಾಗ ನನಗೆ ಗೊತ್ತಾದದ್ದು. ಬಂದಿರುವುದು ಜಗಳದ ವಿಷಯಕ್ಕಲ್ಲ ಅಂತ ನಾನು ಆಣೆ ಮಾಡಿದ ಮೇಲೆ ಅವಳು ಹಿತ್ತಲ ಬಾಗಿಲಿಗೆ ಹೋಗಿ ಗಂಡನನ್ನು ಕೂಗಿ ಕರೆದಳು.

ಅವನು ಬಂದ. ಪಂಚೆ ಮೇಲಕ್ಕೆ ಕಟ್ಟಿ, ಮೊಣಕಾಲಿನವರೆಗೆ ಕೆಸರು. ಯಾರೂ ಒಂದು ಮಾತು ಆಡುವ ಮೊದಲೇ ಕೈಮುಗಿದು, "ತಪ್ಪಾಗೋಯ್ತು ಸಾ," ಅಂದ.

"ತಪ್ಪೇನೂ ಇಲ್ಲ, ಕೂತ್ಕಳಿ, ಕೂತ್ಕಳಿ," ಅಂತ ಅಧ್ಯಕ್ಷರು ಎದ್ದು, ಆ ಕೆಸರು ಮನುಷ್ಯನಿಗೆ ಶಾಲು ಹೊದಿಸಿದರು. ಶಾಲು ಹೊದಿಸಿದ ಕೂಡಲೇ ಚಪ್ಪಾಳೆ ತಟ್ಟುವುದು ನಮ್ಮವರಿಗೆ ರೂಢಿ. ತಟ್ಟಿದರು. ಬೇಲಿಯಾಚೆ ನಿಂತಿದ್ದ ಜನವೂ ಏನೆಂದು ತಿಳಿಯದೆ ತಟ್ಟಿದರು.

ಆಮೇಲೆ ಅಧ್ಯಕ್ಷರು ಹುಡುಗಿಯ ವಿಷಯ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಅವಳು ಚಿನ್ನದಂಥ ಹುಡುಗಿ, ಠಾಣೆಗೆ ಬರುತ್ತಿದ್ದದ್ದು ಪಾಠಕ್ಕೆ, ಅವಳ ಮೇಲೆ ಯಾವ ಕೇಸೂ ಇಲ್ಲ, ಬೇಕಾದರೆ ಇನ್‌ಸ್ಪೆಕ್ಟರ್ ಸಾಹೇಬರನ್ನೇ ಕೇಳಿ ಅಂದರು. ಆ ಮನುಷ್ಯ ಕೇಳುತ್ತಾ ಕೇಳುತ್ತಾ ಒಮ್ಮೆ ಶಾಲು ನೋಡಿದ, ಒಮ್ಮೆ ಜೀಪು ನೋಡಿದ, ಒಮ್ಮೆ ವಕೀಲರ ಕರಿಕೋಟು ನೋಡಿದ. ಭಾನುವಾರವೂ ಕರಿಕೋಟು ಹಾಕಿಕೊಂಡು ಬಂದಿದ್ದರು, ತೂಕಕ್ಕೆ. ಅವನ ಮುಖದ ಹೆದರಿಕೆ ಮೆಲ್ಲಗೆ ಇಳಿದು ಬೇರೆ ಏನೋ ಲೆಕ್ಕ ಹತ್ತುತ್ತಿರುವುದು ನನಗೆ ಕಾಣುತ್ತಿತ್ತು.

"ಅಂಗಾರೆ ಉಡುಗಿ ಕಡೇರು ನೀವೇನಾ ಸಾ?" ಅಂತ ಕೇಳಿದ.

"ನಾವೇ ಅಂತ ತಿಳ್ಕಳಿ," ಅಂದರು ಅಧ್ಯಕ್ಷರು, ಎದೆ ಮುಟ್ಟಿಕೊಂಡು.

"ಇಷ್ಟ್ ದೊಡ್ಡೋರು ಅವ್ರೆ ಅಂತ ಮೊದ್ಲೇ ಯಾರೂ ಅನ್ನಲಿಲ್ವಲ್ಲಾ ಸಾ! ನಮ್ಗೆ ಒಪ್ಗೆ ಐತೆ."

ನನಗೆ ತಡೆಯಲಾಗಲಿಲ್ಲ. "ಗುರುಬಲ?" ಅಂದೆ.

"ಅದು ಬಂದದೆ ಕಣವ್ವ. ಜೋಯಿಸ್ರು ಪಂಚಾಂಗ ತಪ್ಪು ನೋಡ್ಬುಟ್ಟಿದ್ರು."

ಎಲ್ಲರೂ ನಕ್ಕರು. ಒಳಗಿಂದ ಕಾಫಿ ಬಂತು. ಹಾಸನದವರು ಫೋಟೋಗೆ ಜಾಗ ನೋಡತೊಡಗಿದರು. ಮದುವೆ ಫಿಸಿಕಲ್ ಪರೀಕ್ಷೆ ಆದ ಮೇಲೆ ಇಟ್ಟುಕೊಳ್ಳಬೇಕು, ಮೊದಲು ಹಾಗೇ ಮಾತಾಗಿತ್ತು ಅಂತ ನಾನು ನೆನಪಿಸಿದೆ. ಆ ಮನುಷ್ಯ ನನ್ನನ್ನು ಮರುಕದಿಂದ ನೋಡಿದ.

"ಇನ್ಯಾಕ್ ಬುಡಿ ಮೇಡಂ ಆ ಕೆಲ್ಸ? ಪೊಲೀಸ್ನೋರೇ ನಮ್ಮೋರಾದ್ರಲ್ಲ."

ಅದಕ್ಕೂ ನಕ್ಕರು. ಅಧ್ಯಕ್ಷರು ನಕ್ಕರು, ವಕೀಲರು ನಕ್ಕರು, ಸಿಮೆಂಟ್ ಅಂಗಡಿಯವರು ಎಲ್ಲರಿಗಿಂತ ಕೊನೆಗೆ ನಕ್ಕರು. ನಾನು ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟೆ. ಹೊರಡುವ ಹೊತ್ತಿಗೆ ಅವನು ವಕೀಲರನ್ನು ತೆಂಗಿನ ಮರದ ಬುಡಕ್ಕೆ ಕರೆದುಕೊಂಡು ಹೋಗಿ ಬದುವಿನ ವಿಷಯ ಮಾತಾಡುತ್ತಿದ್ದ. ಮದುವೆಯಾಗಬೇಕಾದ ಹುಡುಗ ಆವತ್ತು ಡ್ಯೂಟಿಯಲ್ಲಿದ್ದ. ಅವನ ಮುಖವನ್ನು ನಾವು ಯಾರೂ ನೋಡಲೇ ಇಲ್ಲ.

ವಾಪಸ್ಸು ಬಸ್ಸಿನಲ್ಲಿ ಕೂತು ನಾನು ಎಲ್ಲರನ್ನೂ ಮನಸಾರೆ ಬೈದುಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ತುಟಿ ಅಲ್ಲಾಡುವುದನ್ನು ನೋಡಿ, ಸ್ತೋತ್ರ ಹೇಳಿಕೊಳ್ಳುತ್ತಿದ್ದಾರೆ ಅಂತ ಜಾಗ ಬಿಟ್ಟು ಕೂತಳು.

ಮುಂದಿನದು ಬೇಗ ಬೇಗ ಆಯಿತು. ಗಂಡಿನ ಕಡೆಯವರು ಹುಡುಗಿಯ ಮನೆಗೆ ಬಂದು ದಿನ ಗೊತ್ತು ಮಾಡಿದರು. ಮದುವೆಯ ದಿನ ಬಿದ್ದದ್ದು ಅವಳ ಪರೀಕ್ಷೆಯ ವಾರದಲ್ಲೇ. ಅವಳ ಅಪ್ಪನಿಗೆ ಕಳೆದುಹೋದ ಮಾನ ಬಡ್ಡಿ ಸಮೇತ ಬಂದಂತಾಗಿತ್ತು. ಡೈರಿಯ ಹತ್ತಿರ ಈಗ ಅವನೇ ಜೀಪಿನ ಕಥೆ ಹೇಳುತ್ತಿದ್ದನಂತೆ. ನಾನು ಫೋನ್ ಮಾಡಿದರೆ ಹುಡುಗಿಯ ಅವ್ವ ಎತ್ತುತ್ತಿದ್ದಳು, ಮಗಳು ಹೊಲದಲ್ಲಿದ್ದಾಳೆ ಅನ್ನುತ್ತಿದ್ದಳು. ಅಧ್ಯಕ್ಷರಿಗೆ ಹೇಳಿದೆ. "ಮದ್ವೆ ಆಗೋ ಉಡುಗಿ ಮೇಡಂ, ನಾಚ್ಕೆ," ಅಂದರು. ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರು ಅಂತ ನಿರ್ದೇಶಕರ ಹೆಸರನ್ನೂ ಹಾಕಿಸುತ್ತಾರಂತೆ ಅಂತ ಅವರಿಗೆ ಖುಷಿಯೋ ಖುಷಿ.

ಆಮೇಲಿನ ಮೀಟಿಂಗಿನಲ್ಲಿ ಇನ್‌ಸ್ಪೆಕ್ಟರಿಗೆ ಕೃತಜ್ಞತೆ ಹೇಳುವುದು ಮೊದಲನೇ ವಿಷಯವಾಗಿತ್ತು. ಒಂದು ಬಡ ಹೆಣ್ಣುಮಗಳ ಬಾಳು ಉಳಿಸಿದ್ದಕ್ಕೆ ಅಂತ ಅಧ್ಯಕ್ಷರು ಶುರುಮಾಡಿದ್ದರು. ಬಾಗಿಲಲ್ಲಿ ಅವಳು ಬಂದು ನಿಂತಳು.

ಬಸ್ಸಿನಿಂದ ಇಳಿದು ಓಡಿಕೊಂಡೇ ಬಂದಿದ್ದಿರಬೇಕು, ಹಣೆಯಲ್ಲಿ ಬೆವರಿತ್ತು. ಕಾಲಿಗೆ ಹವಾಯಿ ಚಪ್ಪಲಿ. ಅಧ್ಯಕ್ಷರು, "ಬಾರವ್ವ ಮದುವಣಗಿತ್ತಿ, ಬಾ," ಅಂತ ನಗುತ್ತಾ ಕರೆದರು. ಅವಳು ಅವರ ಕಡೆ ನೋಡದೆ ಇನ್‌ಸ್ಪೆಕ್ಟರ ಮುಂದೆ ನಿಂತಳು.

"ಸಾ, ಒಂದ್ ಕೇಳ್ಬೇಕಿತ್ತು."

"ಹೇಳಮ್ಮ."

"ನನ್ ಮದುವೆ ಮಾತಾಡಕ್ಕೆ ನಿಮ್ ಜೀಪ್ ಕಳಿಸಿದ್ರಲ್ಲ ಸಾ. ನಂಗೆ ಈ ಮದುವೆ ಬ್ಯಾಡ. ಅದುನ್ನ ಹೇಳಕ್ಕೂ ಅದೇ ಜೀಪ್ ಕಳಿಸ್ತೀರಾ?"

ಧ್ವನಿ ನಡುಗುತ್ತಿತ್ತು. ಆದರೆ ಒಂದು ಶಬ್ದವನ್ನೂ ನುಂಗಲಿಲ್ಲ. ನಾನು ಅಷ್ಟು ವರ್ಷ ಎಷ್ಟೋ ಹುಡುಗಿಯರಿಗೆ ಕಪ್ ಸಿಕ್ಕಾಗ ಚಪ್ಪಾಳೆ ತಟ್ಟಿದ್ದೇನೆ. ಅವತ್ತಿನಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ವಕೀಲರಿಗೆ ಮೊದಲು ಮಾತು ಬಂತು. "ನೋಡಮ್ಮ, ಕಾನೂನು ಪ್ರಕಾರ ಇದು ನಿಮ್ಮ ಮನೆ ವಿಷಯ. ಇದರಲ್ಲಿ ಪೊಲೀಸರು ತಲೆ ಹಾಕೋದಕ್ಕೆ ಬರೋದಿಲ್ಲ."

"ಅಂಗಾರೆ ಅವತ್ತು ಯಾರ ಮನೆ ವಿಷಯ ಅಂತ ಓಗಿದ್ರಿ ಸಾ?"

ಸಿಮೆಂಟ್ ಅಂಗಡಿಯವರು ಅವಳ ಮಾತೇ ಸರಿ ಅನ್ನುವುದಕ್ಕೆ ಬಾಯಿ ತೆರೆದು, ಅಧ್ಯಕ್ಷರ ಮುಖ ನೋಡಿ ಮುಚ್ಚಿಕೊಂಡರು. ಇನ್‌ಸ್ಪೆಕ್ಟರು ಪಾಪ, ಟೋಪಿಯನ್ನು ಮೇಜಿನ ಮೇಲೆ ಆ ಕಡೆಯಿಂದ ಈ ಕಡೆಗೆ ಇಟ್ಟರು. "ಮೇಡಂ, ನೀವೊಂಚೂರು ಮಾತಾಡಿ," ಅಂದರು ನನಗೆ.

"ಮಾತಾಡ್ತೀನಿ ಸರ್," ಅಂದೆ. "ಇವಳ ಹತ್ರ ಮಾತಾಡೋದಕ್ಕೆ ಏನೂ ಉಳಿದಿಲ್ಲ. ಇವರಪ್ಪನ ಹತ್ರ ಮಾತಾಡ್ತೀನಿ. ಜೀಪು ಬೇಡ. ಆದ್ರೆ ಅಧ್ಯಕ್ಷರು ನನ್ನ ಜೊತೆ ಬರಬೇಕು. ಹೆಣ್ಣಿನ ಕಡೆಯವರು ನಾವೇ ಅಂತ ಎದೆ ಮುಟ್ಕೊಂಡು ಹೇಳಿದ್ದು ಅವರು."

ಅಧ್ಯಕ್ಷರು ಮಿಲ್ಲಿನಲ್ಲಿ ಕೆಲಸವಿದೆ ಅಂದರು, ಬಿಪಿ ಅಂದರು. ನಾನು ಎದ್ದು ನಿಂತೇ ಇದ್ದೆ. ಕೊನೆಗೆ ಎದ್ದರು. ಹಾಗೆ ನೋಡಿದರೆ ಅವರನ್ನು ನಾನು ಇವತ್ತಿಗೂ ಇಷ್ಟಪಡುವುದು ಅದಕ್ಕೇ. ಏಳದೆಯೂ ಇರಬಹುದಿತ್ತು.

ಹಳೇಕೋಟೆ ಕಡೆಯ ಬಸ್ಸು ತುಂಬಿತ್ತು. ಅಧ್ಯಕ್ಷರು ಬಸ್ಸು ಹತ್ತಿ ಯಾವ ಕಾಲವಾಗಿತ್ತೋ. ಮೇಲಿನ ಕಂಬಿ ಹಿಡಿದು ನಿಂತುಕೊಂಡು, ಒಬ್ಬರ ಕೋಳಿ ಚೀಲಕ್ಕೂ ಇನ್ನೊಬ್ಬರ ಬೆನ್ನಿಗೂ ನಡುವೆ ಸಿಕ್ಕಿ, ಬಿಳಿ ಪಂಚೆ ಮುದುಡಿಹೋಯಿತು. ಹುಡುಗಿ ತನ್ನ ಸೀಟು ಬಿಟ್ಟುಕೊಡಲು ಹೋದಳು. ನಾನು ಕಣ್ಣಲ್ಲೇ ಬೇಡ ಅಂದೆ. ನಿಂತುಕೊಳ್ಳಲಿ ಸ್ವಲ್ಪ ಹೊತ್ತು.

ಅವಳ ಅಪ್ಪ ಕೊಟ್ಟಿಗೆಯಲ್ಲಿ ಹಸುವಿಗೆ ಮೇವು ಹಾಕುತ್ತಿದ್ದ. ಮಗಳು ನಮ್ಮಿಬ್ಬರ ಜೊತೆ ಬರುವುದನ್ನು ನೋಡಿ ಕೈಯಲ್ಲಿದ್ದ ಹುಲ್ಲಿನ ಕಂತೆಯನ್ನು ಕೆಳಗಿಟ್ಟ. ನಾನು ಸುತ್ತಿ ಬಳಸದೆ ಹೇಳಿದೆ. ಹುಡುಗಿಗೆ ಈ ಮದುವೆ ಇಷ್ಟವಿಲ್ಲ, ಇನ್‌ಸ್ಪೆಕ್ಟರ ಎದುರಿಗೇ ಬಂದು ಹೇಳಿದ್ದಾಳೆ, ಪರೀಕ್ಷೆ ಬರೆದು ಪಾಸಾಗಿದ್ದಾಳೆ, ಇಷ್ಟು ದೂರ ಬಂದವಳನ್ನು ಮೈದಾನದ ಬಾಗಿಲಲ್ಲಿ ಹಿಡಿದು ನಿಲ್ಲಿಸಬೇಡಿ ಅಂತ. 

ಅವನು ಪೂರ್ತಿ ಕೇಳಿದ. ನನ್ನ ಮೇಲೆ ರೇಗುತ್ತಾನೆ ಅಂತ ನಾನು ಸಿದ್ಧವಾಗಿದ್ದೆ. ಅವನು ರೇಗಲಿಲ್ಲ, ಅಧ್ಯಕ್ಷರ ಕಡೆ ತಿರುಗಿದ.

"ಸಾವ್ಕಾರ್ರೇ, ನಾನು ನಿಮ್ಮತ್ರ ಬಂದು ಸಂಬಂದ ಸರಿಮಾಡ್ಕೊಡಿ ಅಂತ ಕೇಳಿದ್ನಾ? ಅವ್ರು ಬ್ಯಾಡ ಅಂದ್ರು, ನಾನು ಸುಮ್ಕಾಗಿದ್ದೆ. ನೀವೇ ಓಗಿ ಮಾತು ಕೊಟ್ರಿ. ನನ್ ಮಗಳ ಪರ್ವಾಗಿ ಕೊಟ್ರಿ. ಈಗ ಆ ಮಾತ ನಾನ್ ಎಂಗೆ ಮುರೀಲಿ? ನೀವ್ ಕೊಟ್ಟಿದ್ದ ಮಾತ ನಾನ್ ಮುರುದ್ರೆ ಊರಲ್ಲಿ ನಾನ್ ತಲೆ ಎತ್ಕಂಡು ಓಡಾಡಾಂಗೈತಾ?"

ಅಧ್ಯಕ್ಷರು ಮುದುಡಿದ ಪಂಚೆಯನ್ನು ಕೈಯಲ್ಲಿ ನೇವರಿಸಿಕೊಂಡರು. "ನಾನು ಒಳ್ಳೇದಾಗ್ಲಿ ಅಂತ ಓಗಿದ್ದೆ ಕಣಯ್ಯ," ಅಂದರು. ಅದು ನಿಜ. ನಿಜವಾದ್ದರಿಂದಲೇ ಕೇಳುವುದಕ್ಕೆ ಕಷ್ಟವಾಯಿತು.

ಅಪ್ಪ ಮಗಳ ಕಡೆ ತಿರುಗಿದ. ಈಗ ಅವನ ಗಂಟಲು ಏರಿತು. "ನಿಂಗೆ ಇಷ್ಟ ಇಲ್ದಿದ್ರೆ ಮೊದ್ಲೇ ಬಾಯ್ಬುಟ್ಟು ಅನ್ನಕ್ಕೇನಾಗಿತ್ತು ನಿಂಗೆ? ಊರೆಲ್ಲಾ ತಿರುಗಿ ಪೊಲೀಸ್ನೋರ್ಗೆ ಹೇಳ್ಬುಟ್ಟೆ, ಮನೇಲಿ ಅಪ್ಪಂಗೆ ಅನ್ನಕ್ಕಾಗ್ನಿಲ್ವಾ?"

"ಯಾರ್ ಕೇಳಿದ್ರಪ್ಪಾ?" ಅಂದಳು ಅವಳು.

ಜೋರಾಗಿ ಅನ್ನಲಿಲ್ಲ. ಜಗಳದ ಧ್ವನಿಯೂ ಅಲ್ಲ. ಅವಳ ಅವ್ವ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಅಧ್ಯಕ್ಷರು ನೆಲ ನೋಡುತ್ತಿದ್ದರು. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ. ಹಸು ಮಾತ್ರ ತನ್ನ ಪಾಡಿಗೆ ಹುಲ್ಲು ಎಳೆದು ತಿನ್ನುತ್ತಿತ್ತು.

ಅಪ್ಪ ಹಸು ಕಟ್ಟುವ ಗೊಂತಿನ ಅಂಚಿನ ಮೇಲೆ ಕೂತ. ಟವೆಲ್ಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳುವುದಕ್ಕೆ ಅಲ್ಲಿ ಬೆವರೇನೂ ಇರಲಿಲ್ಲ. ಆಮೇಲೆ ಕೇಳಿದ.

"ಸರಿ, ಈಗ ಕೇಳ್ತಾ ಇವ್ನಿ. ಏನವ್ವಾ ನಿನ್ ಮನ್ಸಲ್ಲಿರೋದು?"

"ಮೊದ್ಲು ಓಡ್ತೀನಿ ಕಣಪ್ಪ," ಅಂದಳು. "ಮದುವೆ ವಿಷ್ಯ ಆಮೇಲೆ ಕೇಳು. ಆಗ ಅಂತೀನಿ."

ಅವನು ಅಧ್ಯಕ್ಷರ ಮುಂದೆ ಕೈ ಚಾಚಿದ. "ಗಂಡಿನ ಅಪ್ಪಂಗೆ ಫೋನ್ ಮಾಡ್ಕೊಡಿ ಸಾವ್ಕಾರ್ರೇ."

ಅಧ್ಯಕ್ಷರು ಫೋನ್ ಹಚ್ಚಿ, ತಾವೇ ಮಾತಾಡುವುದಕ್ಕೆ ಅಂತ ಗಂಟಲು ಸರಿಮಾಡಿಕೊಂಡರು. ಅವನು ಬಿಡಲಿಲ್ಲ, ಫೋನನ್ನು ಅವರ ಕೈಯಿಂದ ತೆಗೆದುಕೊಂಡ. ಆ ಕಡೆಯಿಂದ, "ಸಾ, ನಮಸ್ಕಾರ ಸಾ, ಏನಪ್ಪಣೆ ಸಾ," ಅನ್ನುವ ಧ್ವನಿ ನಮಗೆಲ್ಲ ಕೇಳಿಸಿತು.

"ಸಾ ಅಲ್ಲ ಕಣಣ್ಣ, ನಾನು," ಅಂದ ಅವನು. "ಹೆಣ್ಣಿನ ಅಪ್ಪ ಮಾತಾಡ್ತಿರೋದು. ನನ್ ಮಗಳು ಓಡ್ಬೇಕಂತೆ."